ಓದುಗರ ಪ್ರಶ್ನೆ: ಕಾರ್ಖಾನೆ ಕಡಲಾಚೆಗೆ ಹೋದರೆ ಬೈಕು ಅಗ್ಗವಾಗುತ್ತದೆಯೇ?

ಪ್ರಶ್ನೆ: ಹಾರ್ಲೆ-ಡೇವಿಡ್ಸನ್ ಕಂಪನಿಯು ತನ್ನ ತಯಾರಿಕೆಯನ್ನು ಅಮೆರಿಕದಿಂದ ಹೊರಗೆ ಸಾಗಿಸಿದ್ದೇಕೆ? ಇದರಿಂದ ಕೊಳ್ಳುವವರಿಗೆ ಲಾಭವಾಯಿತೇ, ಕಾರ್ಮಿಕರ ಗತಿ ಏನಾಯಿತು?

ಉತ್ತರ: ಅಮೆರಿಕವು ಉಕ್ಕು ಮತ್ತು ಅಲ್ಯೂಮಿನಿಯಂ ಮೇಲೆ ಹೇರಿದ ಸುಂಕಕ್ಕೆ ಪ್ರತಿಯಾಗಿ ಐರೋಪ್ಯ ಒಕ್ಕೂಟವು 2018ರ ಜೂನ್‌ನಲ್ಲಿ ಅಮೆರಿಕದ ಬೈಕುಗಳ ಆಮದು ಸುಂಕವನ್ನು ಶೇ 6ರಿಂದ ಶೇ 31ಕ್ಕೆ ಏರಿಸಿತು. ಇದರಿಂದ ಪ್ರತಿ ಬೈಕಿಗೆ ಸರಾಸರಿ ಸುಮಾರು 2,200 ಡಾಲರ್ ಹೆಚ್ಚುವರಿ ಹೊರೆ ಬೀಳುತ್ತದೆಂದು ಲೆಕ್ಕ ಹಾಕಿದ ಕಂಪನಿಯು, ಅದನ್ನು ಗ್ರಾಹಕರ ತಲೆಗೆ ಕಟ್ಟದೆ, ಯುರೋಪಿಗೆ ಹೋಗುವ ಬೈಕುಗಳ ತಯಾರಿಕೆಯನ್ನು ಅಮೆರಿಕದಿಂದ ಹೊರಗೆ ಸಾಗಿಸುವುದಾಗಿ ಪ್ರಕಟಿಸಿತು. ಥಾಯ್ಲೆಂಡಿನ ಕಾರ್ಖಾನೆ ಅದರ ಕೈಗೆ ಒದಗಿತು. ಅಂದರೆ ಯುರೋಪಿನವರಿಗೆ ಬೈಕು ಅಗ್ಗವಾಗಲಿಲ್ಲ, ಬೆಲೆ ಏರುವುದು ತಪ್ಪಿತು ಅಷ್ಟೆ.

ಉದ್ಯೋಗದ ವಿಷಯದಲ್ಲಿ ಒಂದು ಎಚ್ಚರ ಬೇಕು. ಸುಮಾರು 800 ಮಂದಿ ಕೆಲಸ ಕಳೆದುಕೊಂಡ ಕಾನ್ಸಾಸ್ ಸಿಟಿ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು ಆ ವರ್ಷದ ಜನವರಿಯಲ್ಲೇ, ಅಂದರೆ ಈ ಸುಂಕಕ್ಕೂ ಮೊದಲೇ ಪ್ರಕಟವಾಗಿತ್ತು. ಮಾರಾಟ ಕುಸಿದದ್ದೇ ಅದಕ್ಕೆ ಮುಖ್ಯ ಕಾರಣ. ಆದರೂ, ಒಂದು ಕಡೆ ಬಾಗಿಲು ಮುಚ್ಚಿ ಇನ್ನೊಂದು ದೇಶದಲ್ಲಿ ತೆರೆದಾಗ ಕಾರ್ಮಿಕ ಸಂಘಗಳು ಕೆರಳಿದ್ದನ್ನು ಅತಿರೇಕವೆನ್ನಲು ನನಗೆ ಮನಸ್ಸಿಲ್ಲ.

ಟ್ಯಾಂಕಿನ ಮೇಲಿನ ಲಾಂಛನ ಎಲ್ಲೆಡೆ ಒಂದೇ. ಗಾಡಿ ಹುಟ್ಟಿದ ಊರನ್ನು ತಿಳಿಯಲು ಚಾಸಿ ಸಂಖ್ಯೆಯ ಆರಂಭವನ್ನು ನೋಡಿರಿ. ಅದು 1 ಅಥವಾ 5 ಆಗಿದ್ದರೆ ಅಮೆರಿಕದ್ದು. ನಮ್ಮ ಬೆಂಗಳೂರಿನ ಪಕ್ಕದ ಹೊಸೂರಿನಲ್ಲಿ ಟಿವಿಎಸ್ ತಯಾರಿಸಿದ ಬಿಎಂಡಬ್ಲ್ಯೂ ಬೈಕುಗಳು ಹೊರದೇಶಗಳಲ್ಲಿ ಓಡುತ್ತಿರುವುದೂ ಇದೇ ವ್ಯವಹಾರದ ಇನ್ನೊಂದು ಮಗ್ಗುಲು.