ಬುಷೆಹರ್‌ನಲ್ಲಿ ಕಾನ್ಸಲ್ ದೊಡ್ಡವನೋ, ಗವರ್ನರ್ ದೊಡ್ಡವನೋ?

ಪ್ರಶ್ನೆ: ಬ್ರಿಟಿಷರ ಕಾಲದ ಮುಂಬೈ ಸರ್ಕಾರದ ಕಡತಗಳಲ್ಲಿ 'ಬುಷೈರ್ ರೆಸಿಡೆಂಟ್' (ಅಲ್ಲಿ ನೆಲೆಸಿದ್ದ ಬ್ರಿಟಿಷ್ ಪ್ರತಿನಿಧಿ) ಎಂಬ ಹುದ್ದೆ ಪದೇ ಪದೇ ಬರುತ್ತದೆ. ಬುಷೈರ್ ಅಂದರೆ ಪರ್ಷಿಯನ್ ಕೊಲ್ಲಿಯ ದಡದಲ್ಲಿರುವ ಇರಾನಿನ ಬಂದರು ಬುಷೆಹರ್ ಅಂತ ಗೊತ್ತಾಯಿತು. ಪರ್ಷಿಯಾ ಬ್ರಿಟಿಷರ ವಸಾಹತು ಆಗಿರಲಿಲ್ಲ ಅಲ್ವಾ? ಹಾಗಿದ್ದ ಮೇಲೆ ಅಲ್ಲಿನ ಗವರ್ನರ್ ಈ ಮನುಷ್ಯನ ಮಾತು ಯಾಕೆ ಕೇಳಬೇಕಿತ್ತು? ಅದಕ್ಕೂ ಮುಂಬೈಗೂ ಏನು ಸಂಬಂಧ?
(ಓದುಗರೊಬ್ಬರು, ಧಾರವಾಡ)

ಉತ್ತರ: ಮುಂಬೈ ವಿಷಯ ಮೊದಲು ಮುಗಿಸಿಬಿಡೋಣ. ಈಸ್ಟ್ ಇಂಡಿಯಾ ಕಂಪನಿ 1763ರಲ್ಲಿ ಬುಷೆಹರ್‌ನಲ್ಲಿ ಕೋಠಿ (ವ್ಯಾಪಾರ ಕೇಂದ್ರ) ತೆರೆದಾಗ ಅದು ಮುಂಬೈಯಿಂದಲೇ ನಡೆಯುತ್ತಿತ್ತು. ಆಗ ಪರ್ಷಿಯಾದಲ್ಲಿ ಕರೀಂ ಖಾನ್ ಝಂದ್‌ನ ಆಳ್ವಿಕೆ. ವ್ಯಾಪಾರಕ್ಕೆ ಅನುಮತಿಯ ಫರ್ಮಾನು ಕೊಟ್ಟವನೂ ಅವನೇ. ಆಮೇಲೆ ವ್ಯಾಪಾರ ಹಿಂದೆ ಸರಿಯಿತು, ರಾಜಕಾರಣ ಮುಂದೆ ಬಂತು. 1873ರವರೆಗೆ ರೆಸಿಡೆಂಟ್ ಮುಂಬೈ ಸರ್ಕಾರದ ಕೈಕೆಳಗೆ ಇದ್ದ, ನಂತರ ನೇರವಾಗಿ ಭಾರತ ಸರ್ಕಾರದ ಕೈಕೆಳಗೆ ಬಂದ. 1878ರಿಂದ ಅವನಿಗೆ ಕಾನ್ಸಲ್ ಜನರಲ್ ಪದವಿಯೂ ಸೇರಿತು; ಕಾನ್ಸಲ್ ಅಂದರೆ ಪರದೇಶದ ಊರಿನಲ್ಲಿ ತನ್ನ ದೇಶದ ಪ್ರಜೆಗಳ ಹಿತ ನೋಡಿಕೊಳ್ಳುವ ಅಧಿಕಾರಿ. ಅಂದರೆ ಒಬ್ಬನೇ ಆಸಾಮಿ, ಇಬ್ಬರು ಯಜಮಾನರು. ರೆಸಿಡೆಂಟ್ ಆಗಿ ಕಲ್ಕತ್ತಾಗೆ ವರದಿ ಬರೆಯಬೇಕು. ಕಾನ್ಸಲ್ ಆಗಿ ತೆಹ್ರಾನಿನಲ್ಲಿದ್ದ ಬ್ರಿಟಿಷ್ ರಾಯಭಾರ ಕಚೇರಿಗೂ ಬರೆಯಬೇಕು. ಈ ಇಬ್ಬರು ಯಜಮಾನರಿಗೆ ಪರಸ್ಪರ ಅಷ್ಟಕ್ಕಷ್ಟೆ. ಸ್ಥಳೀಯ ಅಧಿಕಾರಿಗಳಿಗೆ ಅದು ಚೆನ್ನಾಗಿ ಗೊತ್ತಿತ್ತು.

ಈಗ ಗವರ್ನರ್ ಯಾಕೆ ಕೇಳಬೇಕಿತ್ತು ಎನ್ನುವುದಕ್ಕೆ ಬರೋಣ. ಸಾಮಾನ್ಯವಾಗಿ ಸಿಗುವ ಉತ್ತರ 'ಫಿರಂಗಿ ಹಡಗು'. ಅದು ಸುಳ್ಳಲ್ಲ. 1856ರ ಡಿಸೆಂಬರಿನಲ್ಲಿ ಬ್ರಿಟಿಷ್ ಸೇನೆ ಬುಷೆಹರನ್ನು ಹಿಡಿದೇಬಿಟ್ಟಿತು. 1885ರಲ್ಲಿ ಪರ್ಷಿಯಾ ಜರ್ಮನಿಯಲ್ಲಿ ಕಟ್ಟಿಸಿದ 'ಪರ್ಸೆಪೊಲಿಸ್' ಬಿಟ್ಟರೆ ಆ ಇಡೀ ಕರಾವಳಿಗೆ ಹೇಳಿಕೊಳ್ಳುವಂಥ ಯುದ್ಧನೌಕೆಯೇ ಇರಲಿಲ್ಲ. ಆದರೆ ದಿನಾ ಬೆಳಗಾದರೆ ಫಿರಂಗಿ ತೋರಿಸಿ ಊರಿನ ವ್ಯವಹಾರ ನಡೆಸಲು ಆಗುವುದಿಲ್ಲ. ನನ್ನನ್ನು ಕೇಳಿದರೆ ಕಾನ್ಸಲ್‌ನ ನಿಜವಾದ ಬಲ ಇದ್ದದ್ದು ಒಂದು ಪಟ್ಟಿಯಲ್ಲಿ: ಈ ಊರಿನಲ್ಲಿ ಯಾರು ಯಾರು ಬ್ರಿಟಿಷ್ ಪ್ರಜೆಗಳು, ಯಾರು ಬ್ರಿಟಿಷರ ಆಶ್ರಯದಲ್ಲಿದ್ದಾರೆ ಎಂಬ ಪಟ್ಟಿ.

ಇದಕ್ಕೆ ದಾರಿ ಮಾಡಿದ್ದು ರಷ್ಯಾ. ಯುದ್ಧದಲ್ಲಿ ಸೋತ ಪರ್ಷಿಯಾದಿಂದ 1828ರ ತುರ್ಕ್‌ಮನ್‌ಚಾಯ್ ಒಪ್ಪಂದದಲ್ಲಿ ರಷ್ಯನ್ನರು ಎರಡು ಸವಲತ್ತು ಕಿತ್ತುಕೊಂಡರು. ಒಂದು, ರಷ್ಯನ್ ಪ್ರಜೆಯ ಸರಕಿಗೆ ಗಡಿಯಲ್ಲಿ ಒಂದೇ ಸಲ ನೂರಕ್ಕೆ 5ರಂತೆ ಸುಂಕ. ಎರಡು, ಅವನು ತಪ್ಪು ಮಾಡಿದರೆ ವಿಚಾರಣೆ ಅವನ ಕಾನ್ಸಲ್‌ನದು. 1841ರ ವ್ಯಾಪಾರ ಒಪ್ಪಂದದಲ್ಲಿ ಬ್ರಿಟಿಷರು 'ಅವರಿಗೆ ಕೊಟ್ಟದ್ದು ನಮಗೂ ಕೊಡಿ' ಎಂದರು. ಬುಷೆಹರ್ ಹಿಡಿದ ಆ ಯುದ್ಧವನ್ನು ಮುಗಿಸಿದ 1857ರ ಪ್ಯಾರಿಸ್ ಒಪ್ಪಂದ ಅದನ್ನು ಇನ್ನಷ್ಟು ಗಟ್ಟಿ ಮಾಡಿತು.

ಇದರ ಪರಿಣಾಮ ಬಂದರಿನ ಬಜಾರಿನಲ್ಲಿ ಹೇಗಿರುತ್ತಿತ್ತು ನೋಡಿ. ಊರಿನ ವ್ಯಾಪಾರಿ ಒಳನಾಡಿನ ಶಿರಾಜ್‌ಗೆ ಸರಕು ಕಳಿಸಿದರೆ ದಾರಿಯುದ್ದಕ್ಕೂ ಠಾಣೆ ಠಾಣೆಯಲ್ಲಿ ರಾಹದಾರಿ ಸುಂಕ ಕಟ್ಟಬೇಕು. ಒಪ್ಪಂದದ ಪ್ರಕಾರ ವಿದೇಶಿಯ ಸರಕಿಗೆ ಆ ಕಾಟ ಇಲ್ಲ. ಹಾಗಾಗಿ ಬ್ರಿಟಿಷ್ ಪ್ರಜೆಯಾದ ಒಬ್ಬ ಸಿಂಧಿ ಸಾಹುಕಾರನ ಹೆಸರಿನಲ್ಲಿ ಸರಕು ಸಾಗಿಸಿದರೆ ಇಬ್ಬರಿಗೂ ಲಾಭ, ನಷ್ಟ ಗವರ್ನರ್‌ಗೆ. ಯಾಕೆಂದರೆ ಗವರ್ನರ್ ಹುದ್ದೆ ಪುಕ್ಕಟೆ ಬರುತ್ತಿರಲಿಲ್ಲ. ಶಾಗೆ (ಪರ್ಷಿಯಾದ ದೊರೆಗೆ) 'ಪೇಶ್ಕಶ್' ಎಂಬ ಕಾಣಿಕೆ ಸಲ್ಲಿಸಿ ಅದನ್ನು ಪಡೆಯಬೇಕು. ಹೊಸವರ್ಷದ ನೌರೋಜ್ ಹಬ್ಬದ ಹೊತ್ತಿಗೆ ಅವನನ್ನು ಮುಂದುವರಿಸುತ್ತಾರೋ ತೆಗೆಯುತ್ತಾರೋ ಗೊತ್ತಿಲ್ಲ. ಸುಂಕ ವಸೂಲಿಯೂ ಗುತ್ತಿಗೆಗೆ ಹೋಗುತ್ತಿತ್ತು. ಕೊಟ್ಟ ದುಡ್ಡು ವಾಪಸ್ ಬರಬೇಕಲ್ಲ? ಆದ್ದರಿಂದ ಕಾನ್ಸಲ್‌ನ ಪಟ್ಟಿಗೆ ಒಂದು ಹೆಸರು ಸೇರಿದರೆ ಗವರ್ನರ್‌ನ ಜೇಬಿಗೆ ಒಂದು ತೂತು ಬಿದ್ದಂತೆ. ಹೆಚ್ಚಿನ ಜಗಳಗಳ ಬುಡ ಇಲ್ಲೇ ಇದೆ.

ಇನ್ನೊಂದು ವಿಷಯ. ಗವರ್ನರ್‌ಗಳು ಬರುತ್ತಿದ್ದರು, ಹೋಗುತ್ತಿದ್ದರು. ರೆಸಿಡೆಂಟ್ ಎಡ್ವರ್ಡ್ ರಾಸ್ 1872ರಿಂದ 1891ರವರೆಗೆ ಅದೇ ಊರಿನಲ್ಲಿ ಕೂತಿದ್ದ. ಹಳೆಯ ಸಾಲ, ಹಳೆಯ ದಾವೆ, ಯಾರಿಗೆ ಯಾರು ನೆಂಟ ಎಲ್ಲವೂ ಅವನ ಕಚೇರಿಯಲ್ಲಿ ದಾಖಲಾಗಿತ್ತು. ಹೊಸದಾಗಿ ಬಂದ ಗವರ್ನರ್‌ಗೆ ಊರಿನ ಗುಟ್ಟು ತಿಳಿಯುವಷ್ಟರಲ್ಲಿ ವರ್ಗಾವಣೆ. ನಮ್ಮ ಕಚೇರಿಗಳಲ್ಲಿ ಸಾಹೇಬರು ಬದಲಾಗುತ್ತಾರೆ, ಹಳೇ ಗುಮಾಸ್ತ ಅಲ್ಲೇ ಇರುತ್ತಾನಲ್ಲ, ಆ ಥರ.

ಹಾಗಂತ ಸ್ಥಳೀಯ ಅಧಿಕಾರಿಗಳು ಕೈಕಟ್ಟಿ ಕೂತಿರಲಿಲ್ಲ. ಬಂದರುಗಳಲ್ಲಿ 'ಕಾರ್‌ಗುಜಾರ್' ಎಂಬ ಅಧಿಕಾರಿ ಇದ್ದ. ಅವನು ಪರ್ಷಿಯಾದ ವಿದೇಶಾಂಗ ಇಲಾಖೆಯವನು, ಗವರ್ನರ್‌ನವನಲ್ಲ. ವಿದೇಶಿ ಮತ್ತು ಸ್ಥಳೀಯನ ನಡುವಿನ ದಾವೆ ಇವನ ಮುಂದೆ ಬರಬೇಕು, ಕಾನ್ಸಲ್ ಕಡೆಯವನೊಬ್ಬ ಪಕ್ಕದಲ್ಲಿ ಕೂತಿರಬೇಕು. ಕಾನ್ಸಲ್ ಗವರ್ನರ್ ಬಳಿ ಹೋದರೆ 'ಕಾರ್‌ಗುಜಾರ್‌ನ ಕೇಳಿ' ಎನ್ನಬಹುದು. ಕಾರ್‌ಗುಜಾರ್ ಬಳಿ ಹೋದರೆ 'ತೆಹ್ರಾನಿಗೆ ಬರೆದಿದ್ದೇನೆ' ಎನ್ನಬಹುದು. ಸುಮ್ನೆ ಎಳೆಯುವುದು ಕೂಡ ಒಂದು ಅಸ್ತ್ರವೇ. 1860ರ ದಶಕದ ಮಧ್ಯದಲ್ಲಿ ತಂತಿ ಬಂದ ಮೇಲೆ ಈ ಆಟ ಸ್ವಲ್ಪ ಕಷ್ಟವಾಯಿತು. ದೂರು ಈಗ ಬೇಗ ತೆಹ್ರಾನ್ ಮುಟ್ಟುತ್ತಿತ್ತು. ಬುಷೆಹರ್ ಮೂಲಕ ಹಾದುಹೋದ ಆ ತಂತಿಮಾರ್ಗ ನಡೆಸುತ್ತಿದ್ದದ್ದೂ ಬ್ರಿಟಿಷರೇ.

ಬಹ್ರೇನ್ ಜನರ ಪ್ರಶ್ನೆಯಲ್ಲಂತೂ ಯಾವ ತಂತಿಯೂ ಉಪಯೋಗಕ್ಕೆ ಬರಲಿಲ್ಲ. ಪರ್ಷಿಯಾದ ಬಂದರಿನಲ್ಲಿರುವ ಬಹ್ರೇನಿಗಳು ನಮ್ಮ ಆಶ್ರಿತರು ಎಂದು ಬ್ರಿಟಿಷರ ವಾದ. ಬಹ್ರೇನ್ ದ್ವೀಪವೇ ನಮ್ಮದು, ಹಾಗಾಗಿ ಅವರೂ ನಮ್ಮವರೇ ಎಂದು ಪರ್ಷಿಯಾದ ವಾದ. ಒಬ್ಬ ಬಹ್ರೇನಿಯ ದೋಣಿ ತಡೆದರೂ ಸಾಕು, ಅದು ರಾಜ್ಯ-ರಾಜ್ಯಗಳ ತಕರಾರು.

ಗುಲಾಮರ ವಿಷಯದಲ್ಲೂ ಇಂಥ ಹಗ್ಗಜಗ್ಗಾಟ ಇತ್ತು. 1848ರಲ್ಲಿ ಶಾ ಸಮುದ್ರದ ಮೂಲಕ ಗುಲಾಮರನ್ನು ತರುವುದನ್ನು ನಿಷೇಧಿಸಿದ. ನೆಲದ ಮೇಲೆ ಗುಲಾಮಗಿರಿ ಹಾಗೇ ಉಳಿಯಿತು. 1851ರ ಒಪ್ಪಂದದ ಪ್ರಕಾರ ಬ್ರಿಟಿಷರು ಪರ್ಷಿಯಾದ ಹಡಗನ್ನು ಶೋಧಿಸಬೇಕಾದರೆ ಪರ್ಷಿಯನ್ ಅಧಿಕಾರಿ ಜೊತೆಗಿರಬೇಕು. ಓಡಿಬಂದ ಗುಲಾಮರು ಕಾನ್ಸಲ್ ಕಚೇರಿಗೆ ಹೊಕ್ಕು ಬಿಡುಗಡೆ ಪತ್ರ ಕೇಳುತ್ತಿದ್ದರು. ಯಜಮಾನ ಊರಿನ ಪ್ರಭಾವಿಯಾಗಿದ್ದರೆ ಅದು ಎರಡೂ ಕಡೆಯವರಿಗೆ ತಲೆನೋವು. ಇಲ್ಲಿ ಬ್ರಿಟಿಷರು ಮಾಡಿದ ಒಳ್ಳೆಯ ಕೆಲಸವನ್ನು ಅಲ್ಲಗಳೆಯಬೇಕಿಲ್ಲ. ಆದರೆ ಅದೇ ನೆಪದಲ್ಲಿ ಕೊಲ್ಲಿಯಲ್ಲಿ ಹಡಗು ತಡೆಯುವ ಹಕ್ಕು ಸಿಕ್ಕಿದ್ದೂ ಅವರಿಗೆ ಬೇಡದ ವಿಷಯವಾಗಿರಲಿಲ್ಲ.

ಗವರ್ನರ್ ಕಡೆಯವರು ಗೆದ್ದ ಉದಾಹರಣೆಯೂ ಬೇಕಲ್ಲ? 1839ರಲ್ಲಿ ಬುಷೆಹರ್‌ನಲ್ಲಿ ವಿರೋಧ ಎಷ್ಟು ಜೋರಾಯಿತೆಂದರೆ ರೆಸಿಡೆಂಟ್ ಹೆನ್ನೆಲ್ ಗಂಟುಮೂಟೆ ಕಟ್ಟಿ ಖಾರ್ಗ್ ದ್ವೀಪಕ್ಕೆ ಹೋಗಬೇಕಾಯಿತು. ವಾಪಸ್ ಬಂದದ್ದು 1842ರಲ್ಲಿ. 1903ರ ಕಥೆ ಇನ್ನೂ ಮಜವಾಗಿದೆ. ವೈಸ್‌ರಾಯ್ ಕರ್ಜನ್ ಯುದ್ಧನೌಕೆಗಳ ದಂಡು ಕಟ್ಟಿಕೊಂಡು ಕೊಲ್ಲಿಯ ಪ್ರವಾಸಕ್ಕೆ ಬಂದ. ಬುಷೆಹರ್‌ನಲ್ಲಿ ಅವನನ್ನು ಎದುರುಗೊಳ್ಳಲು ಫಾರ್ಸ್ ಪ್ರಾಂತ್ಯದ ಗವರ್ನರ್ ಜನರಲ್ ಬಂದು ಕಾದಿದ್ದ. ಮೊದಲು ಯಾರು ಯಾರನ್ನು ಹೋಗಿ ಕಾಣಬೇಕು? ಇದೊಂದು ಪ್ರಶ್ನೆ ಬಗೆಹರಿಯಲಿಲ್ಲ. ಭಾರತವನ್ನು ಆಳುತ್ತಿದ್ದ ಕರ್ಜನ್ ಕೊನೆಗೂ ದಡಕ್ಕೆ ಕಾಲಿಡದೆ ಹೊರಟುಹೋದ. ಹೊರಗಿನವರಿಗೆ ಇದು ಚಿಲ್ಲರೆ ಜಗಳ ಅನಿಸಬಹುದು. ಬಂದರಿನ ಜನ ನೋಡುತ್ತಿದ್ದದ್ದು ಇಂಥದ್ದನ್ನೇ: ಯಾರು ಎದ್ದು ನಿಂತರು, ಯಾರು ಮೊದಲು ಬಂದರು.

ಒಪ್ಪಂದಗಳಿಂದ ಸಿಕ್ಕಿದ್ದ ಸುಂಕ, ವಿಚಾರಣೆಯ ವಿಶೇಷ ಹಕ್ಕುಗಳು ಕೊನೆಗೊಂಡದ್ದು 1928ರ ಮೇ ತಿಂಗಳಲ್ಲಿ, ರೆಜಾ ಶಾ ಕಾಲದಲ್ಲಿ. ರೆಸಿಡೆನ್ಸಿ (ರೆಸಿಡೆಂಟ್‌ನ ಕಚೇರಿ) ಮಾತ್ರ 1946ರವರೆಗೆ ಅಲ್ಲೇ ಇತ್ತು, ಆಮೇಲೆ ಬಹ್ರೇನಿಗೆ ಹೋಯಿತು.

ಪ್ರಶ್ನೆ: ಆ ಬಂದರುಗಳಲ್ಲಿ ಭಾರತೀಯರು ಜಾಸ್ತಿ ಇದ್ದರೇ? ಕನ್ನಡನಾಡಿಗೆ ಏನಾದರೂ ನಂಟಿದೆಯೇ?
(ಓದುಗರೊಬ್ಬರು, ಕುಮಟಾ)

ಉತ್ತರ: ಸಿಂಧ್ ಮತ್ತು ಗುಜರಾತ್ ಕಡೆಯ ವ್ಯಾಪಾರಿಗಳು ಎದ್ದು ಕಾಣುವಷ್ಟು ಇದ್ದರು. ಬಂದರ್ ಅಬ್ಬಾಸ್‌ನಲ್ಲಿ 1892ರಲ್ಲಿ ಕಟ್ಟಿದ ಹಿಂದೂ ದೇವಸ್ಥಾನ ಈಗಲೂ ಇದೆ. ಕಾನ್ಸಲ್‌ನ ಪಟ್ಟಿಯಲ್ಲಿ ಇಂಥವರ ಹೆಸರೇ ಹೆಚ್ಚು.

ನಿಮ್ಮ ಊರಿನ ಹತ್ತಿರದ್ದೇ ಒಂದು ನಂಟು ಹೇಳುತ್ತೇನೆ. ಟಿಪ್ಪು ಸುಲ್ತಾನ್ ತುರ್ಕಿಯ ಸುಲ್ತಾನನ ಬಳಿಗೆ ಕಳಿಸಿದ ದೊಡ್ಡ ನಿಯೋಗ 1786ರಲ್ಲಿ ಹಡಗು ಹತ್ತಿದ್ದು ತದಡಿಯಲ್ಲಿ! ಮಸ್ಕತ್ ಮುಟ್ಟಿ, ಕೊಲ್ಲಿಯೊಳಗೆ ಸಾಗಿ ಅವರು ಬಸ್ರಾ ಸೇರಿದರು. ಬಸ್ರಾ ಬಂದರನ್ನು ಮೈಸೂರಿಗೆ ಕೊಟ್ಟರೆ ಬದಲಿಗೆ ಮಂಗಳೂರಿನಲ್ಲಿ ಸವಲತ್ತು ಕೊಡುತ್ತೇವೆ ಎಂಬುದು ಟಿಪ್ಪುವಿನ ಪ್ರಸ್ತಾಪ. ಅದು ಕೈಗೂಡಲಿಲ್ಲ. ಮಸ್ಕತ್‌ನಲ್ಲಿ ಮಾತ್ರ ಮೈಸೂರಿನದೇ ಕೋಠಿ ಇತ್ತು. ಕಂಪನಿಯವರ ಹಾಗೆ ಮೈಸೂರೂ ಆ ನೀರಿನಲ್ಲಿ ಸರಕು ಇಳಿಸಿ ವ್ಯಾಪಾರ ಮಾಡಲು ಹೊರಟಿತ್ತು ಎನ್ನುವುದನ್ನು ನಾವು ಮರೆತೇಬಿಟ್ಟಿದ್ದೇವೆ.

ಪ್ರಶ್ನೆ: ಪರ್ಷಿಯಾದ ಹಳೆಯ ಅಂಚೆಚೀಟಿಯ ಮೇಲೆ 'ಬ್ರಿಟಿಷ್ ಸ್ವಾಧೀನದಲ್ಲಿರುವ ಬುಷೈರ್' ಎಂದು ಇಂಗ್ಲಿಷಿನಲ್ಲಿ ಮುದ್ರೆ ಇದೆ. ಮಾರುವವರು ಹೆಚ್ಚು ಬೆಲೆ ಹೇಳುತ್ತಿದ್ದಾರೆ. ಇದು ಅಸಲಿ ಇರಬಹುದೇ?
(ಓದುಗರೊಬ್ಬರು, ಮೈಸೂರು)

ಉತ್ತರ: ಅಂಥ ಚೀಟಿ ಇದ್ದದ್ದು ನಿಜ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಗುಪ್ತ ಏಜೆಂಟ್ ವಾಸ್‌ಮುಸ್ ಆ ಸೀಮೆಯ ಬುಡಕಟ್ಟುಗಳನ್ನು ಬ್ರಿಟಿಷರ ವಿರುದ್ಧ ಎತ್ತಿಕಟ್ಟುತ್ತಿದ್ದ. ಬ್ರಿಟಿಷರು ಬುಷೆಹರ್‌ನ ಜರ್ಮನ್ ಕಾನ್ಸಲ್‌ನನ್ನೇ ಬಂಧಿಸಿದರು. ಬುಷೆಹರ್ ಪಕ್ಕದ ತಂಗಿಸ್ತಾನದ ಮುಖಂಡ ರಯೀಸ್ ಅಲಿ ದೆಲ್ವಾರಿಯ ಪಡೆ ತಿರುಗಿಬಿತ್ತು. 1915ರ ಆಗಸ್ಟ್ 8ರಂದು ಬ್ರಿಟಿಷರು ಪಟ್ಟಣವನ್ನು ಸ್ವಾಧೀನಕ್ಕೆ ತೆಗೆದುಕೊಂಡು ಅಲ್ಲಿದ್ದ ಪರ್ಷಿಯಾದ ಚೀಟಿಗಳ ಮೇಲೆ ಈ ಮುದ್ರೆ ಒತ್ತಿದರು. ಅಕ್ಟೋಬರಿನಲ್ಲಿ ಪಟ್ಟಣ ಮತ್ತೆ ಪರ್ಷಿಯಾದ ಕೈಗೆ ಹೋಯಿತು. ಬಳಕೆಯಲ್ಲಿದ್ದದ್ದು ಅಷ್ಟೇ ದಿನ, ಅದಕ್ಕೇ ಈ ಬೆಲೆ. ನಕಲಿ ಮುದ್ರೆ ಒತ್ತುವುದು ಸುಲಭ, ಮಾರುಕಟ್ಟೆಯಲ್ಲಿ ನಕಲಿಗಳೇ ಜಾಸ್ತಿ. ಅಂಚೆಚೀಟಿ ಪರಿಣತರ ಪ್ರಮಾಣಪತ್ರ ತೋರಿಸದಿದ್ದರೆ ದುಡ್ಡು ಕೊಡಬೇಡಿ.