ನಾಲ್ಕನೆಯ ವರ್ಷದ ಒಲೆ

ಕುಣಿಗಲ್ ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರು ಕಳೆದ ಸಂಚಿಕೆಯ ಲೇಖನ ಓದಿ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿರುವುದರಿಂದ ಹಾಕುತ್ತಿಲ್ಲ. ಒಡಿಶಾದ ಹಳ್ಳಿಗಳಲ್ಲಿ ಹೊಗೆರಹಿತ ಒಲೆಗಳ ಮೇಲೆ ನಡೆದ ಅಧ್ಯಯನದ ಬಗ್ಗೆ ನಾವು ಬರೆದಿದ್ದೆವು. ಅವರ ಸಿಟ್ಟಿನ ಸಾರ ಇಷ್ಟು: "ಅಮೆರಿಕದ ಪ್ರಾಧ್ಯಾಪಕರಿಗೆ ಪ್ರಬಂಧ ಬರೆಯಲು ನಮ್ಮ ಬಡವರ ಅಡುಗೆಮನೆಯೇ ಬೇಕೆ? ಚೀಟಿ ಎತ್ತಿ ಒಂದು ಮನೆಗೆ ಒಲೆ ಕೊಟ್ಟು ಪಕ್ಕದ ಮನೆಗೆ ಇಲ್ಲ ಎನ್ನುವುದು ಯಾವ ನ್ಯಾಯ? ನಾಲ್ಕು ವರ್ಷ ಅಳೆದು ತೂಗಿ ಕೊನೆಗೆ ಪ್ರಯೋಜನವಿಲ್ಲ ಎಂದರಂತೆ. ನನ್ನ ಹೆಂಡತಿಯನ್ನು ಕೇಳಿದ್ದರೆ ಐದು ನಿಮಿಷದಲ್ಲಿ ಹೇಳುತ್ತಿದ್ದಳು. ಆ ದುಡ್ಡಿನಲ್ಲಿ ಎಲ್ಲರಿಗೂ ಗ್ಯಾಸ್ ಕೊಡಿಸಬಹುದಿತ್ತು." ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದಾರೆ: "ನಮ್ಮ ಮನೆಯಲ್ಲಿ ಅಸ್ತ್ರ ಒಲೆ ಈಗಲೂ ಇದೆ, ಸ್ನಾನದ ನೀರಿಗೆ." (ಅಸ್ತ್ರ ಒಲೆ ಎಂದರೆ ಬೆಂಗಳೂರಿನ ವಿಜ್ಞಾನಿಗಳು ರೂಪಿಸಿದ, ಚಿಮಣಿಯಿರುವ ಸೌದೆ ಒಲೆ.)

ಮಾನ್ಯ ಮೇಷ್ಟ್ರಿಗೆ ನಮಸ್ಕಾರ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. "ಹೊಗೆರಹಿತ ಒಲೆ ಸೋತಿತು" ಎಂದು ತಲೆಬರಹ ಕೊಟ್ಟವನು ನಾನೇ. ಪುಟ ಕಟ್ಟುವ ಹೊತ್ತಿಗೆ ರಾತ್ರಿ ಹನ್ನೊಂದಾಗಿತ್ತು, ಅಗಲಕ್ಕೆ ಮೂರೇ ಪದ ಹಿಡಿಸುತ್ತಿದ್ದವು. ಆ ಮೂರು ಪದಗಳು ನಿಮ್ಮನ್ನು ದಾರಿ ತಪ್ಪಿಸಿವೆ. ಒಲೆ ಸೋಲಲಿಲ್ಲ. ಸೋತದ್ದು ಏನು ಎಂಬುದನ್ನು ಹೇಳಲು ಸ್ವಲ್ಪ ಜಾಗ ಬೇಕು, ಈ ಸಲ ಅದನ್ನು ತೆಗೆದುಕೊಳ್ಳುತ್ತೇನೆ.

ಆ ಅಧ್ಯಯನ ಮಾಡಿದವರು ರೀಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು. ಒಲೆ ಕಟ್ಟಿಸಿದ್ದು ಅವರಲ್ಲ, ಒಡಿಶಾದಲ್ಲೇ ದಶಕಗಳಿಂದ ಕೆಲಸ ಮಾಡುತ್ತಿರುವ ಗ್ರಾಮ ವಿಕಾಸ ಎಂಬ ಸಂಸ್ಥೆ. 44 ಹಳ್ಳಿಗಳು, ಸುಮಾರು 2,600 ಮನೆಗಳು. ಮಣ್ಣಿನ ಒಲೆ, ಹೊಗೆಯನ್ನು ಹೊರಗೆ ಒಯ್ಯಲು ಚಿಮಣಿ. ಮನೆಯವರು ಸ್ವಲ್ಪ ಹಣ ಮತ್ತು ಮೈಕೆಲಸ ಹಾಕಬೇಕಿತ್ತು. ಸಂಶೋಧಕರು ಜನರ ಆರೋಗ್ಯ ವಿಚಾರಿಸಿ ಬರೆದುಕೊಂಡದ್ದಷ್ಟೇ ಅಲ್ಲ, ಚಿಕ್ಕದೊಂದು ಉಪಕರಣಕ್ಕೆ ಉಸಿರು ಊದಿಸಿ ಅದರಲ್ಲಿ ಸೌದೆಯ ಹೊಗೆಯಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನಿಲ ಎಷ್ಟಿದೆ ಎಂದು ನೋಡಿದರು. ಕೆಮ್ಮು ಇದೆಯೇ ಎಂದರೆ ಎದುರಿಗೆ ಕೂತವರ ಮುಖ ನೋಡಿ ಇಲ್ಲ ಎನ್ನುವವರಿದ್ದಾರೆ. ಉಸಿರಿಗೆ ದಾಕ್ಷಿಣ್ಯವಿಲ್ಲ.

ಮೊದಲ ವರ್ಷ ಒಲೆ ಪಡೆದ ಮನೆಗಳಲ್ಲಿ ಅಡುಗೆ ಮಾಡುವ ಹೆಂಗಸರ ಉಸಿರಿನಲ್ಲಿ ಹೊಗೆಯ ಅಂಶ ಕಡಿಮೆಯಾಗಿತ್ತು. ಇಲ್ಲಿಗೇ ಗಂಟುಮೂಟೆ ಕಟ್ಟಿಕೊಂಡು ಹೊರಟಿದ್ದರೆ ಒಳ್ಳೆಯ ವರದಿಯೊಂದು ಬರುತ್ತಿತ್ತು, ದಾನಿಗಳು ಚಪ್ಪಾಳೆ ತಟ್ಟುತ್ತಿದ್ದರು, ಇನ್ನೊಂದು ಲಕ್ಷ ಒಲೆಗೆ ಹಣ ಬರುತ್ತಿತ್ತು. ಅವರು ಹೊರಡಲಿಲ್ಲ. ಎರಡನೆಯ ವರ್ಷ, ಮೂರನೆಯ ವರ್ಷ, ನಾಲ್ಕನೆಯ ವರ್ಷವೂ ಅದೇ ಮನೆಗಳ ಬಾಗಿಲು ತಟ್ಟಿದರು. ಆಗ ಕಂಡದ್ದು ಬೇರೆ. ಒಲೆ ಬಿರುಕು ಬಿಟ್ಟಿತ್ತು, ಚಿಮಣಿ ಕಟ್ಟಿಕೊಂಡಿತ್ತು, ಪಕ್ಕದಲ್ಲಿ ಹಳೆಯ ಒಲೆಯೂ ಉರಿಯುತ್ತಿತ್ತು. ಉಸಿರಿನಲ್ಲಿ ಹೊಗೆ ಮೊದಲಿನಷ್ಟೇ. ಆರೋಗ್ಯದಲ್ಲಿ ವ್ಯತ್ಯಾಸವಿಲ್ಲ, ಸೌದೆಯೂ ಉಳಿಯಲಿಲ್ಲ.

ಚೀಟಿಯ ವಿಷಯಕ್ಕೆ ಬರುತ್ತೇನೆ. ಯಾರಿಗೂ ಒಲೆ ಇಲ್ಲವೆನ್ನಲಿಲ್ಲ ಮೇಷ್ಟ್ರೇ, ಸರದಿ ಹಚ್ಚಿದರು. ಒಂದೇ ವರ್ಷ ಎಲ್ಲ ಮನೆಗೂ ಕಟ್ಟಿಸುವಷ್ಟು ಹಣವೂ ಕೈಯೂ ಇರುವುದಿಲ್ಲವಾದ್ದರಿಂದ ಮೊದಲು ಯಾರಿಗೆ, ಆಮೇಲೆ ಯಾರಿಗೆ ಎಂಬುದನ್ನು ಚೀಟಿ ನಿರ್ಧರಿಸಿತು. ಚೀಟಿ ಇಲ್ಲದಿದ್ದರೆ ಮೊದಲ ಒಲೆ ಯಾರ ಮನೆಗೆ ಹೋಗುತ್ತಿತ್ತು ಎಂಬುದು ಮೂವತ್ತು ವರ್ಷ ಹಳ್ಳಿ ಶಾಲೆಯಲ್ಲಿ ಸೈಕಲ್, ಸಮವಸ್ತ್ರ ಹಂಚಿದ ನಿಮಗೆ ನಾನು ಹೇಳಬೇಕಾಗಿಲ್ಲ.

ನಿಮ್ಮ ಶ್ರೀಮತಿಯವರು ಐದು ನಿಮಿಷದಲ್ಲಿ ಹೇಳುತ್ತಿದ್ದರು ಎಂಬ ಮಾತನ್ನು ಮಾತ್ರ ನಾನು ಸಂಪೂರ್ಣ ನಂಬುತ್ತೇನೆ. ನಮ್ಮ ಅಮ್ಮನೂ ಹೇಳುತ್ತಿದ್ದಳು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮನೆಗೂ ಮೂರು ಕಣ್ಣಿನ ಅಸ್ತ್ರ ಒಲೆ ಬಂತು. ಅನ್ನಕ್ಕೊಂದು ಕಣ್ಣು, ಸಾರಿಗೊಂದು, ಕೊನೆಯದರ ಮೇಲೆ ಸದಾ ಬಿಸಿನೀರಿನ ತಪ್ಪಲೆ. ಮೊದಲ ತಿಂಗಳು ಊದುಗೊಳವೆ ಮೂಲೆ ಸೇರಿತು, ಅಮ್ಮನ ಕಣ್ಣು ಕೆಂಪಗಾಗುವುದು ನಿಂತಿತು. ಆದರೆ ಪಾತ್ರೆ ಕಣ್ಣಿಗೆ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ಸಂದಿನಲ್ಲಿ ಹೊಗೆ. ಹಬ್ಬದ ದಿನದ ದೊಡ್ಡ ಹಂಡೆ ಅದರ ಮೇಲೆ ನಿಲ್ಲುತ್ತಿರಲಿಲ್ಲ. ಹಳೆಯ ಒಲೆಗೆ ಉದ್ದನೆಯ ಕೊರಡನ್ನು ಹಾಗೆಯೇ ಇಟ್ಟು, ಉರಿದಂತೆಲ್ಲ ಒಳಕ್ಕೆ ನೂಕಿದರೆ ಸಾಕಿತ್ತು. ಇದರ ಬಾಯಿಗೆ ಸೌದೆಯನ್ನು ಸಣ್ಣಗೆ ಸೀಳಬೇಕು, ಸೀಳುವವರು ಯಾರು? ಅಟ್ಟದ ಮೇಲಿನ ಕೊಬ್ಬರಿಗೂ ಹುಣಸೆಹಣ್ಣಿಗೂ ಹೊಗೆ ತಾಗದೆ ಹುಳ ಬಿತ್ತು ಎಂದು ಅಜ್ಜಿಯ ತಕರಾರು ಬೇರೆ. ಎರಡನೆಯ ಮಳೆಗಾಲದಲ್ಲಿ ಚಿಮಣಿಯ ತಲೆಯ ಮೇಲಿನ ತಗಡು ಹಾರಿಹೋಯಿತು. ಅದನ್ನು ಹಾಕಿಸಲು ಅಪ್ಪನಿಗೆ ಪುರುಸೊತ್ತು ಸಿಗಲಿಲ್ಲ. ಅಡುಗೆಮನೆಯ ರಿಪೇರಿಗೆ ಗಂಡಸರಿಗೆ ಎಂದೂ ಪುರುಸೊತ್ತು ಸಿಗುವುದಿಲ್ಲ. ಊದುಗೊಳವೆ ಮೂಲೆಯಿಂದ ಎದ್ದು ಬಂತು.

ಇದನ್ನೆಲ್ಲ ಅಮ್ಮ ಬಲ್ಲಳು. ಆದರೆ ಅವಳು ಹೇಳಿದ್ದನ್ನು ಯಾವ ಕಡತದಲ್ಲಿ ಬರೆದುಕೊಂಡರು? ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ಕಾರ್ಯಕ್ರಮ 1980ರ ದಶಕದಲ್ಲಿ ಶುರುವಾಗಿ 2002ರವರೆಗೆ ನಡೆಯಿತು. ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆ ಕಟ್ಟಿಸಿದ ಲೆಕ್ಕವಿದೆ. ಕಟ್ಟಿಸಿದ ಲೆಕ್ಕ ಅದು. ನಮ್ಮ ಮನೆಯ ಒಲೆಯೂ ಅದರಲ್ಲಿ ಒಂದು ಅಂಕಿಯಾಗಿ ಕೂತಿದ್ದರೆ, ತಗಡು ಹಾರಿಹೋದ ಮೇಲೂ ಕೂತೇ ಇರುತ್ತದೆ. ಒಡಿಶಾದ ಅಧ್ಯಯನ ಮಾಡಿದ್ದು ಇಷ್ಟೇ: ಅಮ್ಮನಂಥವರು ಹೇಳುತ್ತಿದ್ದುದನ್ನು, ಅಧಿಕಾರಿಗಳು ತಳ್ಳಿಹಾಕಲಾಗದ ಹಾಗೆ, ಅವರ ಉಸಿರಿನಿಂದಲೇ ಅಳೆದು ತೋರಿಸಿತು. ಅದಕ್ಕೆ ನಾಲ್ಕು ವರ್ಷ ಹಿಡಿಯಿತು ಎಂಬುದು ನಿಮಗೆ ದೂರು, ನನಗೆ ಅದರ ಹೆಚ್ಚುಗಾರಿಕೆ.

ಅಮೆರಿಕದವರೇ ಬರಬೇಕೆ ಎಂದಿರಿ. ನಿಮ್ಮ ತಾಲ್ಲೂಕಿಗೆ ಅವರಿಗಿಂತ ಮೊದಲೇ ನಮ್ಮವರು ಬಂದಿದ್ದರಲ್ಲ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಶುರು ಮಾಡಿದ ಅಮೂಲ್ಯ ರೆಡ್ಡಿಯವರು ರಸಾಯನಶಾಸ್ತ್ರದ ಪ್ರಯೋಗಾಲಯ ಬಿಟ್ಟು ಉಂಗ್ರದ ಸುತ್ತಲಿನ ಹಳ್ಳಿಗಳಿಗೆ ತಮ್ಮ ತಂಡವನ್ನು ಕರೆತಂದರು. ಯಾರ ಮನೆಯಲ್ಲಿ ಎಷ್ಟು ಸೌದೆ ಉರಿಯುತ್ತದೆ, ಅದನ್ನು ತರಲು ಯಾರು ಎಷ್ಟು ದೂರ ನಡೆಯುತ್ತಾರೆ ಎಂದು ಮನೆಮನೆ ಲೆಕ್ಕ ಹಾಕಿದರು. ಪುರ ಗ್ರಾಮದ ಗೋಬರ್ ಗ್ಯಾಸ್ ಸ್ಥಾವರ ನಿಮಗೆ ಗೊತ್ತಿರುತ್ತದೆ. ಊರಿಗೆಲ್ಲ ಅಡುಗೆ ಅನಿಲ ಕೊಡುವುದು ಮೊದಲ ಯೋಜನೆ. ಅದು ಕೈಗೂಡಲಿಲ್ಲ, ಇದ್ದ ದನಗಳ ಸೆಗಣಿಯಿಂದ ಊರಿನ ಎರಡು ಹೊತ್ತಿನ ಅಡುಗೆಗೆ ಸಾಲುವಷ್ಟು ಅನಿಲ ಹುಟ್ಟಲಿಲ್ಲ. ಅರೆಬರೆ ಗ್ಯಾಸಿಗಾಗಿ ಪುಕ್ಕಟೆ ಸೌದೆ ಬಿಡಲು ಜನರಿಗೆ ಮನಸ್ಸಾಗಲಿಲ್ಲ. ಆಗ ಊರಿನವರಿಗೆ ಬೇಕಾಗಿದ್ದದ್ದು ನೀರು. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ ವಿದ್ಯುತ್ ತೆಗೆದು, ಕೊಳವೆಬಾವಿಯ ನೀರು ಎತ್ತಿದರು, ಮನೆಗಳಿಗೆ ದೀಪ ಹಾಕಿದರು. ಸೆಗಣಿಯನ್ನು ತೂಕ ಹಾಕಿ ತೆಗೆದುಕೊಂಡು ಕಿಲೋಗೆ ಎರಡು ಪೈಸೆ ಕೊಡುತ್ತಿದ್ದರು, ಬಗ್ಗಡವನ್ನು ಗೊಬ್ಬರಕ್ಕೆ ವಾಪಸು ಕೊಡುತ್ತಿದ್ದರು. ಮೊದಲ ಯೋಜನೆ ಬಿದ್ದದ್ದನ್ನು ಆ ತಂಡ ಮುಚ್ಚಿಡದೆ ಬರೆಯಿತು. ಬೆಂಗಳೂರಿನವರೋ ಬಾಸ್ಟನ್ನಿನವರೋ ಎಂದು ನಾನು ಕೇಳುವುದಿಲ್ಲ, ಮತ್ತೆ ಬಂದು ನೋಡಿದರೇ ಎಂದು ಕೇಳುತ್ತೇನೆ.

ಇನ್ನು ಗ್ಯಾಸ್. ಇದೇ ಉತ್ತರ ನನ್ನ ನಾಲಿಗೆಯ ತುದಿಯಲ್ಲೂ ಇತ್ತು. ಭಾರತ, ಗ್ವಾಟೆಮಾಲಾ, ಪೆರು, ರುವಾಂಡಾ ನಾಲ್ಕೂ ಕಡೆ ಸೇರಿ 3,200 ಗರ್ಭಿಣಿಯರ ನಡುವೆ ಗ್ಯಾಸ್ ಕೊಟ್ಟರೆ ಆರೋಗ್ಯ ಸುಧಾರಿಸುತ್ತದೆಯೇ ಎಂಬ ಪ್ರಶ್ನೆಯನ್ನೇ ಇಟ್ಟುಕೊಂಡು ಒಂದು ಪ್ರಯೋಗ ನಡೆಯಿತು, ಭಾರತದ ಪಾಲು ತಮಿಳುನಾಡಿನಲ್ಲಿ. ಅರ್ಧದಷ್ಟು ಮನೆಗಳಿಗೆ ಒಲೆಯೂ ಹದಿನೆಂಟು ತಿಂಗಳ ಸಿಲಿಂಡರೂ ಉಚಿತ. ಅವರು ಗ್ಯಾಸನ್ನು ಚೆನ್ನಾಗಿ ಬಳಸಿದರು. ಗರ್ಭಿಣಿಯರು ಉಸಿರಾಡುವ ಗಾಳಿಯ ಸೂಕ್ಷ್ಮ ಕಣಗಳು ಘನ ಮೀಟರಿಗೆ 70 ಮೈಕ್ರೋಗ್ರಾಂನ ಆಸುಪಾಸಿನಿಂದ 24ರ ಆಸುಪಾಸಿಗೆ ಇಳಿದವು. ಹುಟ್ಟಿದ ಮಕ್ಕಳ ತೂಕ ಮಾತ್ರ ಗಮನಿಸುವಷ್ಟು ಹೆಚ್ಚಲಿಲ್ಲ ಎಂದು 2022ರಲ್ಲಿ ಫಲಿತಾಂಶ ಬಂತು. ಮಲಾವಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ, ಸುಧಾರಿತ ಸೌದೆ ಒಲೆಯ ಇನ್ನೊಂದು ಪ್ರಯೋಗದಲ್ಲೂ ನ್ಯುಮೋನಿಯಾ ಇಳಿಯಲಿಲ್ಲ. ಹಾಗಾದರೆ ಗ್ಯಾಸ್ ಬೇಡವೇ? ಬೇಕು. ಕಣ್ಣುರಿ, ಕೆಮ್ಮು, ಸೌದೆಗೆ ಹೋಗುವ ಹೆಣ್ಣುಮಕ್ಕಳ ತಪ್ಪಿದ ಶಾಲೆ, ಇವಿಷ್ಟೇ ಸಾಕಲ್ಲವೇ ಕಾರಣಕ್ಕೆ. ಮಗುವಿನ ತೂಕ ಹೆಚ್ಚುತ್ತದೆ ಎಂಬ ಇಲ್ಲದ ಭರವಸೆ ಕೊಟ್ಟು ಗ್ಯಾಸ್ ಮಾರುವುದು ಬೇಡ. ಬೀದಿಯ ಕಸದ ಹೊಗೆ, ಪಕ್ಕದ ಮನೆಯ ಒಲೆ, ತಾಯಿಯ ಊಟ, ಯಾವುದನ್ನೂ ಸಿಲಿಂಡರ್ ಬದಲಿಸುವುದಿಲ್ಲ.

ಇಂಥ ಸಂಶೋಧನೆಯಿಂದ ಏನಾದರೂ ಬದಲಾಗಿದೆಯೇ ಎಂದು ನೀವು ಪತ್ರದ ಮೂರನೆಯ ಪುಟದಲ್ಲಿ ಕೇಳಿದ್ದೀರಿ. ಫೆಬ್ರವರಿ 10ರಂದು ಶಾಲೆಗಳಲ್ಲಿ ಜಂತುಹುಳದ ಮಾತ್ರೆ ಚೀಪಿಸುವುದು 2015ರಿಂದ ನಡೆಯುತ್ತಿದೆ. ಅದಕ್ಕೆ ಕಾರಣ ಒಂದೇ ಅಲ್ಲ, ಆದರೆ ಕೀನ್ಯಾದ ಬುಸಿಯಾದಲ್ಲಿ 1998ರಿಂದ 75 ಶಾಲೆಗಳಲ್ಲಿ ನಡೆದ ಅಧ್ಯಯನದ ಹೆಸರು ಆ ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಮಾತ್ರೆ ಕೊಟ್ಟ ಶಾಲೆಗಳಲ್ಲಿ ಮಕ್ಕಳ ಗೈರುಹಾಜರಿ ಇಳಿಯಿತು ಎಂದು ಅದು ಹೇಳಿತು. ನನಗೆ ಇಷ್ಟವಾದದ್ದು ಆಮೇಲಿನ ಕಥೆ. ಮೂಲ ಸಂಶೋಧಕರು ತಮ್ಮ ಅಂಕಿಅಂಶಗಳನ್ನೆಲ್ಲ ಬೇರೆಯವರ ಕೈಗೆ ಕೊಟ್ಟರು. ಲಂಡನ್ನಿನ ತಂಡವೊಂದು ಲೆಕ್ಕವನ್ನು ಮೊದಲಿನಿಂದ ಮಾಡಿ 2015ರಲ್ಲಿ ತಪ್ಪುಗಳನ್ನು ಎತ್ತಿ ತೋರಿಸಿತು, ದೊಡ್ಡ ಜಗಳವೇ ಆಯಿತು. ಉತ್ತರಪತ್ರಿಕೆಯನ್ನು ಮರುಮೌಲ್ಯಮಾಪನಕ್ಕೆ ತಾವೇ ಕೊಡುವ ವಿದ್ಯಾರ್ಥಿಗಳು ನಿಮ್ಮ ತರಗತಿಯಲ್ಲಿ ಎಷ್ಟಿದ್ದರು?

ನಿಮ್ಮ ಒಂದು ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಉಸಿರು ಊದಿದವರಿಗೆ ಅದರಿಂದ ಏನು ತಿಳಿಯಿತು ಎಂಬುದು ಅಚ್ಚಾಗುವುದು ಅವರು ಓದದ ಇಂಗ್ಲಿಷಿನಲ್ಲಿ, ಎಷ್ಟೋ ಸಲ ಹಣ ತೆತ್ತರಷ್ಟೇ ತೆರೆಯುವ ನಿಯತಕಾಲಿಕಗಳಲ್ಲಿ. ಬಿಸಿಲಿನಲ್ಲಿ ಮನೆಮನೆ ಅಲೆದ ಸ್ಥಳೀಯ ಹುಡುಗ ಹುಡುಗಿಯರ ಹೆಸರು ಬಹಳವೆಂದರೆ ಕೃತಜ್ಞತೆಯ ಒಂದು ಸಾಲಿನಲ್ಲಿ. ಆ ಸಿಟ್ಟನ್ನು ಇಟ್ಟುಕೊಳ್ಳಿ, ನನ್ನದೂ ಸೇರಿಸಿಕೊಳ್ಳಿ.

ನಿಮ್ಮಿಂದ ಒಂದು ಉಪಕಾರ ಬೇಕು. ನಿಮ್ಮ ಮನೆಯ ಅಸ್ತ್ರ ಒಲೆ ಇನ್ನೂ ಉರಿಯುತ್ತಿದೆ ಎಂದರೆ ನಮ್ಮ ಮನೆಯಲ್ಲಿ ಆಗದ್ದು ಅಲ್ಲಿ ಆಗಿದೆ. ಅದನ್ನು ಯಾವ ವರ್ಷ ಕಟ್ಟಿದರು, ಅಡುಗೆಯಿಂದ ಸ್ನಾನದ ನೀರಿಗೆ ಯಾವಾಗ ಇಳಿಯಿತು, ಚಿಮಣಿಯ ಮಸಿ ಕೆರೆಯಲು ಮಾಡಿನ ಮೇಲೆ ಹತ್ತುವವರು ಯಾರು, ನೀವೋ ಅವರೋ, ಬರೆದು ತಿಳಿಸಿ. ಈ ಸಲ ಪತ್ರವನ್ನು ನಿಮ್ಮ ಶ್ರೀಮತಿಯವರೇ ಬರೆದರೆ ಇನ್ನೂ ಒಳ್ಳೆಯದು. ಪುಟ ಎಷ್ಟಾದರೂ ಆಗಲಿ, ಹಾಕುತ್ತೇನೆ. ತಲೆಬರಹವನ್ನೂ ಅವರೇ ಕೊಡಲಿ.

— ಸಂಪಾದಕ