ಮನೆಯವರ ಮುಖಕ್ಕೆ ಯಾವ ಲೆನ್ಸ್?

ಪ್ರಶ್ನೆ: ನನ್ನಲ್ಲಿ ಕ್ಯಾನನ್ 1500ಡಿ ಕ್ಯಾಮೆರಾ ಇದೆ, ಜೊತೆಗೆ ಬಂದ 18-55 ಲೆನ್ಸ್ ಬಿಟ್ಟು ಬೇರೇನೂ ಇಲ್ಲ. ಅಜ್ಜಿಯದ್ದು, ಅಣ್ಣನ ಮಕ್ಕಳದ್ದು ಚೆಂದದ ಫೋಟೊ ತೆಗೆಯುವ ಆಸೆ. ಹಿನ್ನೆಲೆ ಮಸುಕಾಗುವುದೇ ಇಲ್ಲ, ಮನೆಯೊಳಗೆ ತೆಗೆದರೆ ಕಾಳುಕಾಳಾಗಿ ಬರುತ್ತದೆ. ಪೋರ್ಟ್ರೇಟ್‌ಗೆ 85 ಎಂಎಂ ಲೆನ್ಸೇ ಬೇಕು ಅನ್ನುತ್ತಾರೆ ಗೆಳೆಯರು. 50 ಸಾಕಾಗುವುದಿಲ್ಲವಾ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಸಾಕು. 50 ಎಂಎಂ ಎಫ್/1.8 ಕೊಳ್ಳಿ. ಎಂಎಂ ಹೆಚ್ಚಾದಷ್ಟು ದೃಶ್ಯ ಹತ್ತಿರ ಬರುತ್ತದೆ, ಎಫ್ ಸಂಖ್ಯೆ ಕಡಿಮೆಯಾದಷ್ಟು ಲೆನ್ಸಿನ ಕಂಡಿ ದೊಡ್ಡದಾಗಿ ತೆರೆಯುತ್ತದೆ.

85 ಒಳ್ಳೆಯ ಲೆನ್ಸೇ. ಆದರೆ ಅದಕ್ಕೆ ಪೋರ್ಟ್ರೇಟ್ ಲೆನ್ಸ್ ಅಂತ ಹೆಸರು ಬಂದದ್ದು ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ, ಅಂದರೆ ಹಳೆಯ 35 ಎಂಎಂ ಫಿಲ್ಮಿನಷ್ಟು ದೊಡ್ಡ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಇರುವುದರಲ್ಲಿ. ನಿಮ್ಮದರ ಸೆನ್ಸರ್ ಅದಕ್ಕಿಂತ ಚಿಕ್ಕದು, ಲೆನ್ಸಿನ ಎಂಎಂ ಅನ್ನು 1.6ರಿಂದ ಗುಣಿಸಿಕೊಳ್ಳಬೇಕು. 50 ಹಾಕಿದರೆ 80ರಷ್ಟು ಕಾಣುತ್ತದೆ, 85 ಹಾಕಿದರೆ 136ರಷ್ಟು. ಕ್ಯಾಮೆರಾ ನಿಲುವಾಗಿ ಹಿಡಿದು ಒಬ್ಬರನ್ನು ಸೊಂಟದಿಂದ ಮೇಲೆ ತೆಗೆಯಲು 85ಕ್ಕೆ ಹೆಚ್ಚುಕಡಿಮೆ 4 ಮೀಟರ್ ಹಿಂದೆ ಸರಿಯಬೇಕು, 50ಕ್ಕೆ ಎರಡೂಕಾಲು ಮೀಟರ್ ಸಾಕು. ಮನೆಯ ಕೋಣೆಯಲ್ಲಿ ಅಷ್ಟು ಜಾಗ ಎಲ್ಲಿರುತ್ತದೆ? ಅಜ್ಜಿ ಜೊತೆ ಮಾತಾಡುತ್ತಾ ಫೋಟೊ ತೆಗೆಯಬೇಕು ಅಲ್ವಾ, ಅಷ್ಟು ದೂರದಿಂದ ಕೂಗಿ ಹೇಳಿದರೆ ಮುಖದಲ್ಲಿ ಆ ಸಲಿಗೆ ಬರುವುದಿಲ್ಲ.

ಇನ್ನೊಂದು ವಿಷಯ. ಮೂಗು ದಪ್ಪ ಕಾಣುವುದು, ಮುಖ ಉಬ್ಬಿದ ಹಾಗೆ ಬರುವುದು ಲೆನ್ಸಿನಿಂದ ಅಂತ ತುಂಬಾ ಜನ ತಿಳಿದಿದ್ದಾರೆ. ನಿಜಕ್ಕೂ ಅದು ನೀವು ನಿಂತ ದೂರದಿಂದ. 18ಕ್ಕೆ ತಿರುಗಿಸಿ ಮುಖದ ಹತ್ತಿರ ಹೋದರೆ ಹಾಗಾಗುತ್ತದೆ. ಒಂದೂವರೆ ಮೀಟರ್ ಬಿಟ್ಟು ನಿಂತರೆ ಮುಖ ಸಹಜವಾಗಿಯೇ ಬರುತ್ತದೆ.

ಕಾಳುಕಾಳಾಗುವುದಕ್ಕೆ ಕಾರಣ ಬೆಳಕು. ನಿಮ್ಮ ಲೆನ್ಸ್ 55ರ ತುದಿಯಲ್ಲಿ ಎಫ್/5.6ಕ್ಕಿಂತ ತೆರೆಯುವುದಿಲ್ಲ. 1.8 ಅಂದರೆ ಅದರ ಸುಮಾರು 10 ಪಟ್ಟು ಬೆಳಕು. ಬೆಳಕು ಕಡಿಮೆಯಿದ್ದಾಗ ಕ್ಯಾಮೆರಾ ಐಎಸ್‌ಒ ಏರಿಸಿ ಚಿತ್ರವನ್ನು ಬೆಳಗಿಸುತ್ತದೆ, ಅದು ಏರಿದಷ್ಟೂ ಕಾಳು. 3200 ಐಎಸ್‌ಒ ಬೇಕಿದ್ದ ಕಡೆ 400ಕ್ಕೇ ಕೆಲಸ ಮುಗಿಯುತ್ತದೆ. ಹಿನ್ನೆಲೆ ಮಸುಕಾಗುವುದೂ ಈ ದೊಡ್ಡ ಕಂಡಿಯಿಂದಲೇ, ಜೊತೆಗೆ ಅಜ್ಜಿಯನ್ನು ಗೋಡೆಗೆ ಒರಗಿಸದೆ ಸ್ವಲ್ಪ ಮುಂದಕ್ಕೆ, ಬಾಗಿಲ ಬೆಳಕಿಗೆ ಕೂರಿಸಿ.

ಹಾಗಂತ ಸದಾ 1.8ರಲ್ಲೇ ತೆಗೆಯಬೇಡಿ. ಒಂದು ಮೀಟರ್ ದೂರದಲ್ಲಿ ಎರಡೂವರೆ ಸೆಂಟಿಮೀಟರ್ ಆಳ ಮಾತ್ರ ಸ್ಪಷ್ಟವಾಗಿರುತ್ತದೆ, ಮುಖ ಕೊಂಚ ತಿರುಗಿದರೂ ಒಂದು ಕಣ್ಣು ಮಂಜಾಗುತ್ತದೆ. 2.8ಕ್ಕೆ ಇಡಿ, ಮಧ್ಯದ ಫೋಕಸ್ ಬಿಂದುವನ್ನು ಹತ್ತಿರದ ಕಣ್ಣಿನ ಮೇಲೆ ಇಡಿ. ಇಬ್ಬರು ಮಕ್ಕಳಿದ್ದರೆ ಎಫ್/4. ಮಕ್ಕಳು ಸುಮ್ನೆ ಕೂರುವುದಿಲ್ಲ, ಶಟರ್ 1/250 ಸೆಕೆಂಡಿಗಿಂತ ನಿಧಾನ ಬೇಡ.

ದುಡ್ಡು ಕೊಡುವ ಮೊದಲು ಈಗಿರುವ ಲೆನ್ಸನ್ನೇ 50ಕ್ಕೆ ತಿರುಗಿಸಿ, ಕೆಲವು ದಿನ ಜೂಮ್ ಮುಟ್ಟದೆ ಅದರಲ್ಲೇ ತೆಗೆದು ನೋಡಿ. ಜಾಗ ಸಾಲುತ್ತದಾ ಗೊತ್ತಾಗುತ್ತದೆ.

ಅಂಗಡಿಯಲ್ಲಿ ಇಎಫ್ 50 ಎಸ್‌ಟಿಎಂ ಅಂತಲೇ ಕೇಳಿ, ಆರ್‌ಎಫ್ 50 ಕ್ಯಾನನ್‌ನ ಮಿರರ್‌ಲೆಸ್ ಕ್ಯಾಮೆರಾಗಳದ್ದು, ನಿಮ್ಮ ಕ್ಯಾಮೆರಾಕ್ಕೆ ಕೂರುವುದಿಲ್ಲ. ಸೆಕೆಂಡ್ ಹ್ಯಾಂಡ್ ಆದರೆ ಮೊಬೈಲ್ ಟಾರ್ಚ್ ಹಿಡಿದು ಒಳಗೆ ನೋಡಿ, ಜೇಡನ ಎಳೆಯಂಥದ್ದು ಕಂಡರೆ ಫಂಗಸ್, ಬಿಟ್ಟುಬಿಡಿ. ನಿಮ್ಮ ಕಡೆಯ ಮಳೆಗಾಲಕ್ಕೆ ಹೊಸ ಲೆನ್ಸಿಗೂ ಅದು ಹಿಡಿಯಬಹುದು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ.